ಸೋತ ತಂಡದ ಲೆಕ್ಕಾಚಾರ

ಜುಲೈ ತಿಂಗಳ ಕೊನೆ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಸಂತೆ ನೆರೆದಂತೆ. ಅಲ್ಲಿನ ದೊಡ್ಡ ಲೀಗಿನಲ್ಲಿ 30 ತಂಡಗಳಿವೆ. ಪ್ರತಿ ತಂಡಕ್ಕೂ ವರ್ಷಕ್ಕೆ 162 ಪಂದ್ಯ. ನಡುವೆಯೇ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಆದರೆ ಅದಕ್ಕೊಂದು ಗಡುವು ಉಂಟು. ಗೆಲ್ಲುತ್ತಿರುವ ತಂಡಕ್ಕೆ ಚಿಂತೆಯಿಲ್ಲ. ಎಲ್ಲಿ ಕೊರತೆಯೋ ಅಲ್ಲಿಗೆ ಒಬ್ಬನನ್ನು ತಂದರಾಯಿತು. ಸೋಲುತ್ತಿರುವ ತಂಡ ಏನು ಮಾಡಬೇಕು?

2012ರಲ್ಲಿ ಚಿಕಾಗೊ ಕಬ್ಸ್ ತಂಡದ ಮುಂದೆ ಇದೇ ಪ್ರಶ್ನೆ ಇತ್ತು. 1908ರ ನಂತರ ಅದು ಒಮ್ಮೆಯೂ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. ಆ ವರ್ಷವಂತೂ ಒಟ್ಟು 101 ಪಂದ್ಯ ಸೋತಿತು. ಇದ್ದವರಲ್ಲಿ ಮಿಂಚುತ್ತಿದ್ದವರು ರಯಾನ್ ಡೆಂಪ್‌ಸ್ಟರ್. ಅವರು ಪಿಚರ್, ಅಂದರೆ ಬ್ಯಾಟುಗಾರನಿಗೆ ಚೆಂಡು ಎಸೆಯುವವರು. ವಯಸ್ಸು 35. ಒಪ್ಪಂದ ಆ ವರ್ಷಕ್ಕೇ ಮುಗಿಯುತ್ತಿತ್ತು. ಅವರನ್ನು ಉಳಿಸಿಕೊಂಡಿದ್ದರೆ ಕೆಲವು ಪಂದ್ಯ ಹೆಚ್ಚಿಗೆ ಗೆಲ್ಲಬಹುದಿತ್ತು, ಅಷ್ಟೆ.

ತಂಡದ ಆಡಳಿತ ಹೊತ್ತಿದ್ದ ಥಿಯೊ ಎಪ್‌ಸ್ಟೀನ್ ಅವರನ್ನು ಬಿಟ್ಟುಕೊಡಲು ನಿರ್ಧರಿಸಿದರು. ಆದರೆ ಆಟಗಾರ ಸಂತೆಯ ಸರಕಲ್ಲ ನೋಡಿ. ಲೀಗಿನಲ್ಲಿ 10 ವರ್ಷ ಆಡಿ, ಕೊನೆಯ 5 ವರ್ಷ ಒಂದೇ ತಂಡದಲ್ಲಿ ಇದ್ದವನು ವರ್ಗಾವಣೆಯನ್ನು ಬೇಡವೆನ್ನಬಹುದು. ಡೆಂಪ್‌ಸ್ಟರ್‌ಗೆ ಆ ಹಕ್ಕಿತ್ತು. ಅಟ್ಲಾಂಟಾಕ್ಕೆ ಹೋಗಲು ಅವರು ಒಪ್ಪಲಿಲ್ಲ. ಕಡೆಗೆ ಗಡುವಿನ ದಿನವಾದ ಜುಲೈ 31ರಂದು ಟೆಕ್ಸಾಸ್ ರೇಂಜರ್ಸ್ ತಂಡಕ್ಕೆ ಹೊರಟರು. 2010 ಮತ್ತು 2011, ಎರಡು ವರ್ಷವೂ ವರ್ಲ್ಡ್ ಸೀರೀಸಿನವರೆಗೆ ಹೋಗಿ ಸೋತಿದ್ದ ತಂಡವದು. ಅದಕ್ಕೆ ಕಾಯುವ ವ್ಯವಧಾನವಿರಲಿಲ್ಲ.

ಬದಲಿಗೆ ಚಿಕಾಗೊಗೆ ಸಿಕ್ಕಿದ್ದು ಕೆಳಹಂತದ ಲೀಗಿನಲ್ಲಿ ಪಳಗುತ್ತಿದ್ದ ಇಬ್ಬರು ತರುಣರು. ಅವರಲ್ಲಿ ಒಬ್ಬರು 22 ವರ್ಷದ ಕೈಲ್ ಹೆಂಡ್ರಿಕ್ಸ್. ಡಾರ್ಟ್‌ಮೌತ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವರು. 2011ರ ಆಯ್ಕೆಯಲ್ಲಿ ಅವರ ಹೆಸರು ಬಂದದ್ದೇ 8ನೇ ಸುತ್ತಿನಲ್ಲಿ. ಎಸೆತದಲ್ಲಿ ವೇಗವೂ ಅಷ್ಟಕ್ಕಷ್ಟೆ. ಇಂಥವನನ್ನು ಕಂಡು ಯಾರು ತಾನೆ ಸಿಳ್ಳೆ ಹಾಕಿಯಾರು?

ಮುಂದೇನಾಯಿತು? ಟೆಕ್ಸಾಸ್ ಅದೇ ಅಕ್ಟೋಬರಿನಲ್ಲಿ ಬಾಲ್ಟಿಮೋರ್ ಎದುರು ಒಂದೇ ನಾಕೌಟ್ ಪಂದ್ಯದಲ್ಲಿ ಸೋತು ಮನೆಗೆ ನಡೆಯಿತು. ವರ್ಷ ಮುಗಿದ ಮೇಲೆ ಡೆಂಪ್‌ಸ್ಟರ್ ಬಾಸ್ಟನ್ ಸೇರಿದರು. ಚಿಕಾಗೊ ಕೂಡ ಕೂಡಲೇ ಗೆಲ್ಲಲಿಲ್ಲ. 2013ರಲ್ಲಿ 96 ಸೋಲು, 2014ರಲ್ಲಿ 89 ಸೋಲು. ಅಭಿಮಾನಿಗಳು ಹಲ್ಲು ಕಚ್ಚಿ ಕಾದರು. ಹೆಂಡ್ರಿಕ್ಸ್ ಮುಖ್ಯ ತಂಡಕ್ಕೆ ಬಂದದ್ದು 2014ರಲ್ಲಿ. 2016ರಲ್ಲಿ 9 ಇನಿಂಗ್ಸಿಗೆ ಸರಾಸರಿ 2.13 ರನ್ ಮಾತ್ರ ಕೊಟ್ಟು ಇಡೀ ಲೀಗಿಗೇ ಮೊದಲಿಗರಾದರು. ಆ ಅಕ್ಟೋಬರ್ 22ರಂದು ಅವರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು ಕಟ್ಟಿಹಾಕಿದರು. 1945ರ ನಂತರ ಮೊದಲ ಬಾರಿಗೆ ಚಿಕಾಗೊ ವರ್ಲ್ಡ್ ಸೀರೀಸ್ ಮುಟ್ಟಿತು. ಅದರ ಕಟ್ಟಕಡೆಯ ಪಂದ್ಯದಲ್ಲಿ ಚಿಕಾಗೊ ಪರವಾಗಿ ಚೆಂಡು ಹಿಡಿದು ಆಟ ಶುರುಮಾಡಿದ್ದೂ ಅವರೇ. 108 ವರ್ಷಗಳ ಬರ ನೀಗಿತು.

ಎಲ್ಲ ಬೀಜವೂ ಮೊಳೆಯುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಹೆಂಡ್ರಿಕ್ಸ್ ಜೊತೆಗೆ ಬಂದ ಕ್ರಿಶ್ಚಿಯನ್ ವಿಲ್ಲನ್ಯುವಾ ಚಿಕಾಗೊದ ಮುಖ್ಯ ತಂಡಕ್ಕೆ ಒಮ್ಮೆಯೂ ಆಡಲಿಲ್ಲ. ಭವಿಷ್ಯವನ್ನು ನಂಬುವವರು ಈ ನಷ್ಟಕ್ಕೂ ಸಿದ್ಧರಿರಬೇಕು.

ವಿದ್ಯಾರ್ಥಿಗಳೇ, ಈ ವರ್ಷ ಕೈತಪ್ಪಿತು ಎಂದು ಒಪ್ಪಿಕೊಳ್ಳುವುದು ಸೋಲಲ್ಲ. ಒಪ್ಪಿಕೊಂಡ ಮೇಲೆ ಮುಂದಿನದಕ್ಕೆ ಏನು ಕೂಡಿಡುತ್ತೀರಿ ಎಂಬುದೇ ಮುಖ್ಯ. ತಂದೆತಾಯಂದಿರಿಗೂ ಒಂದು ಮಾತು. ಹೆಂಡ್ರಿಕ್ಸ್ ಚೆಂಡಿನ ಸರಾಸರಿ ವೇಗ ಆ ಗೆಲುವಿನ ವರ್ಷದಲ್ಲೂ ಗಂಟೆಗೆ 90 ಮೈಲಿ ದಾಟಲಿಲ್ಲ. ಗುರಿ ಮಾತ್ರ ತಪ್ಪುತ್ತಿರಲಿಲ್ಲ. ವೇಗ ಅಳೆಯುವ ಯಂತ್ರಕ್ಕೆ ಗುರಿ ಕಾಣುವುದಿಲ್ಲ. ಮನೆಗೆ ಬರುವ ಅಂಕಪಟ್ಟಿಗೂ ಅಂಥದೊಂದು ಕುರುಡು ಇರಬಹುದಲ್ಲವೇ?