ತಿಕೀಟಿನ ಮೇಲಿನ ಸಹಿ

ಅಂಚೆ ತಿಕೀಟು ಕೂಡಿಡುವವರನ್ನು ನಾವೆಲ್ಲ ಬಲ್ಲೆವು. ರಾಜಕೀಯ ಮುಂದಾಳುಗಳ ಸಹಿ ಬಿದ್ದ ಹಳೆಯ ರೆವಿನ್ಯೂ ತಿಕೀಟುಗಳನ್ನು ಅರಸುವವರೂ ಇದ್ದಾರೆಂಬುದು ಹಲವರಿಗೆ ಹೊಸ ಸಂಗತಿಯಾದೀತು.

ತಿಕೀಟಿನ ಮೇಲೆ ಸಹಿ ಬಂದುದು ಕಾಯಿದೆಯಿಂದ. 1899ರ ಭಾರತೀಯ ಮುದ್ರಾಂಕ ಕಾಯಿದೆಯಂತೆ 20 ರೂಪಾಯಿ ಮೀರಿದ ಪಾವತಿಗೆ ಒಂದು ಆಣೆಯ ತಿಕೀಟು ಹಚ್ಚಬೇಕಿತ್ತು. ಅದು ಮತ್ತೆ ಬಳಕೆಯಾಗದಂತೆ ಅದರ ಮೇಲೆ ಹಾಯ್ದು ಹೆಸರು, ತಾರೀಖು ಬರೆಯುವ ರೂಢಿಯಾಯಿತು. ಹಣ ಪಡೆದವನು ಮಂತ್ರಿಯಿರಲಿ, ರೈತನಿರಲಿ, ನಿಯಮವೊಂದೇ. ಕೋರ್ಟ್ ಫೀ ತಿಕೀಟಿನ ಪರಿ ಬೇರೆ. ಅದನ್ನು ನ್ಯಾಯಾಲಯದವರು ರಂಧ್ರ ಹೊಡೆದು ರದ್ದುಪಡಿಸುತ್ತಿದ್ದರು. ಇಂದು ಪಾವತಿಯ ಮಿತಿ 5000 ರೂಪಾಯಿಗೆ ಏರಿದೆ, ತಿಕೀಟು ಒಂದು ರೂಪಾಯಿಯದಾಗಿದೆ.

ಬ್ರಿಟಿಷ್ ಆಡಳಿತದ ಹೊರಗೆ ಮೈಸೂರು, ಸಾಂಗಲಿ ಮೊದಲಾದ ಸಂಸ್ಥಾನಗಳು ತಮ್ಮ ಹೆಸರಿನ ತಿಕೀಟುಗಳನ್ನೇ ಹೊರಡಿಸಿದ್ದವು. ಸೊರಡಿಯ ಸುತ್ತಣ ಜತ್ತ ಸೀಮೆಯನ್ನು ಡಫಳೆ ಮನೆತನ ಆಳುತ್ತಿತ್ತು. 1948ರ ಮಾರ್ಚ್ 8ರಂದು ಜತ್ತ, ಜಮಖಂಡಿ ಮುಂತಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ದಕ್ಷಿಣ ಸಾತಾರಾ ಎಂದಾದ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂತು. ಊರು ಇದ್ದಲ್ಲಿಯೇ ಇತ್ತು. ಕಾಗದದ ಮೇಲಿನ ಸರಕಾರ ಮಾತ್ರ ಬದಲಾಗುತ್ತ ಬಂತು.

ನೆರೆಯ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರನ್ನು ನೆನೆಯೋಣ. ಜಮಖಂಡಿಯಲ್ಲಿ ವಕೀಲರಾಗಿ, ಆ ಸಂಸ್ಥಾನದ ಮಂತ್ರಿಯಾಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1974ರಲ್ಲಿ ಉಪರಾಷ್ಟ್ರಪತಿಯಾದವರು ಅವರು. ವಕೀಲಿಯ ದಿನಗಳ ಅವರ ಪಾವತಿಯೊಂದು ಯಾರ ಮನೆಯಲ್ಲಾದರೂ ಉಳಿದಿದ್ದರೆ, ಅದನ್ನು ಇಸಿದುಕೊಂಡ ಕಕ್ಷಿದಾರನಿಗೆ ಆ ಸಹಿ ಮುಂದೆ ಯಾರದಾಗುವುದೆಂದು ಹೇಗೆ ತಿಳಿದೀತು?

ಆದುದರಿಂದ ನಮ್ಮ ವಿನಂತಿಯಿದು. ಇಂಥ ತಿಕೀಟು ಕಂಡರೆ ಕತ್ತರಿಯಿಂದ ಕತ್ತರಿಸಿ ತೆಗೆಯಬೇಡಿರಿ, ನೀರಿನಲ್ಲಿ ನೆನೆಸಿ ಬಿಡಿಸಬೇಡಿರಿ. ತಿಕೀಟಿನಿಂದ ಕಾಗದಕ್ಕೆ ಹರಿದ ಮಸಿಯ ಗೆರೆಯೇ ಸಹಿ ನಿಜವೆಂಬುದಕ್ಕೆ ಒಳ್ಳೆಯ ಸಾಕ್ಷಿ. ಯಾರು, ಯಾರಿಗೆ, ಏತಕ್ಕೆ, ಎಷ್ಟು ಕೊಟ್ಟರೆಂಬುದು ಕಾಗದದಲ್ಲಿದೆ. ಬಿಡಿ ತಿಕೀಟಿನಲ್ಲಿ ಉಳಿಯುವುದು ಹೆಸರೊಂದೇ. ಸರಕಾರಿ ದಫ್ತರದಿಂದ ಜಾರಿ ಬಂದ ಕಾಗದವನ್ನು ಕೊಳ್ಳುವುದೂ ಸಲ್ಲದು. ಅದು ಸಾರ್ವಜನಿಕರ ಸೊತ್ತು. ಪರದೇಶದ ಬಂಧುಗಳಿಗೆ ಕಳುಹುವ ಮುನ್ನವೂ ಯೋಚಿಸಿರಿ: ಐತಿಹಾಸಿಕ ಮಹತ್ವದ, 75 ವರ್ಷ ತುಂಬಿದ ದಾಖಲೆಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯಿದೆ ತಡೆಯುತ್ತದೆ.

ಅಜ್ಜನ ಪೆಟ್ಟಿಗೆಯ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ಮನೆಯ ಹಿರಿಯರನ್ನು ಕೂಡ್ರಿಸಿಕೊಂಡು ಒಮ್ಮೆ ಬಿಡಿಸಿ ನೋಡಿರಿ. ಮೋಡಿ ಲಿಪಿಯದಿದ್ದರೆ ಓದಬಲ್ಲವರನ್ನು ಹುಡುಕಿರಿ. ದೊಡ್ಡವರ ಸಹಿ ಸಿಗದಿದ್ದರೂ ಸರಿಯೇ; ಅಜ್ಜನ ಸಹಿಯಂತೂ ಸಿಕ್ಕೀತು, ಮನೆಗೆ ಅದೇನು ಕಡಿಮೆಯದಲ್ಲ.