ಕವಿಗೋಷ್ಠಿಯ ಬಾಗಿಲಿನ ಅಗುಳಿ

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ದಲ್ಲಿ ಲಿಂಗಗಳನ್ನು ಒಂಬತ್ತೆಂದು ಎಣಿಸಿದನು. ಅದು ಶಬ್ದಗಳ ಲೆಕ್ಕ, ಮನುಷ್ಯರದಲ್ಲ, ಬಲ್ಲೆ. ಆದರೂ ವಿನೋದ ನೋಡಿ: ಅದೇ ಒಂಬತ್ತು ಇಂದು ಬೈಗುಳ. ನಡೆನುಡಿಯಲ್ಲಿ ತುಸು ಬೇರೆಯಾಗಿ ಕಂಡವರ ಬೆನ್ನಿಗೆ ಬಸ್ ನಿಲ್ದಾಣದಲ್ಲಿ ಬೀಳುವ ಮೊದಲ ಕಲ್ಲು ಆ ಸಂಖ್ಯೆಯೇ.

ಬೀದಿಯದು ಒರಟುತನ, ಸರಿ. ಸಾಹಿತ್ಯದ ಸಭ್ಯರು ಮಾಡುವುದೇನು? ಇಂಥ ಕವಿಯೊಬ್ಬರನ್ನು ಕರೆದರೆ ‘ಶೋಷಿತರ ಅಳಲು’ ಎಂಬ ಗೋಷ್ಠಿಗೆ ಕರೆಯುತ್ತೇವೆ. ಮನೆ ಬಿಟ್ಟ ಕಥೆ ಕೇಳುತ್ತೇವೆ, ಕಣ್ಣೊರಸಿಕೊಳ್ಳುತ್ತೇವೆ, ಶಾಲು ಹೊದಿಸುತ್ತೇವೆ. ಅವರು ಚೀಲದಲ್ಲಿ ತಂದ ಪದ್ಯ ಚೀಲದಲ್ಲಿಯೇ ಊರಿಗೆ ಮರಳುತ್ತದೆ.

‘ಗಟ್ಟಿ ಬರಹ ಬರಲಿ, ನೋಡೋಣ’ ಎನ್ನುವ ಹಿರಿಯರುಂಟು. ಬಂದಿದೆಯಲ್ಲ! ಸಲಿಂಗಪ್ರೇಮವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸಾರಿದ್ದು 2018ರಲ್ಲಿ. ವಸುಧೇಂದ್ರರ ‘ಮೋಹನಸ್ವಾಮಿ’ ಪ್ರಕಟವಾದದ್ದು 2013ರಲ್ಲಿ. ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರಿಂದ ಕನ್ನಡಕ್ಕೆ ಬಂದು ‘ಬದುಕು ಬಯಲು’ ಎನಿಸಿತು, ರಂಗವನ್ನೂ ಏರಿತು. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಗದ್ಯ, ರಂಗ, ಜಾನಪದ ಬಾಗಿಲು ತೆರೆದಿರುವಾಗ ಕಾವ್ಯದ ಬಾಗಿಲಿಗೆ ಮಾತ್ರ ಅಗುಳಿಯೇಕೆ?

‘ಅವರು ಚಳವಳಿಗಾರರು, ಬರೆದದ್ದೆಲ್ಲ ಘೋಷಣೆ’ ಎಂಬುದು ಇನ್ನೊಂದು ಆಕ್ಷೇಪ. ದಲಿತ ಚಳವಳಿಯ ಒಡಲಿನಿಂದ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಇದಕ್ಕೆ ಉತ್ತರ ಕೊಟ್ಟಾಗಿದೆ. ಮೆರವಣಿಗೆಯಲ್ಲಿ ನಡೆದ ಪದ್ಯವೇ ಈಗ ತರಗತಿಯಲ್ಲಿ ಪಾಠ.

ಇನ್ನು ನಮ್ಮ ತರಗತಿಯ ಮಾತು. ಶರಣಸತಿ, ಲಿಂಗಪತಿ ಎಂಬ ಭಾವವನ್ನು ನಾವು ಅಧ್ಯಾಪಕರು ಗಂಟೆಗಟ್ಟಲೆ ಬಣ್ಣಿಸುತ್ತೇವೆ. ಗಂಡಾಗಿ ಹುಟ್ಟಿದ ವಚನಕಾರ ತಾನು ಸತಿಯೆಂದರೆ ಅನುಭಾವ. ಗಂಡೆಂದು ಹೆಸರಿಟ್ಟುಕೊಂಡು ಬೆಳೆದ ಇಂದಿನ ಕವಿ ತಾನು ಹೆಣ್ಣೆಂದರೆ ನಗೆ! ಈ ಎರಡು ತಕ್ಕಡಿಯನ್ನು ಯಾವ ಅಲಂಕಾರಶಾಸ್ತ್ರ ಒಪ್ಪೀತು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಸಮ್ಮೇಳನ ನಡೆಸುವ ಮಹನೀಯರಲ್ಲಿ ನನ್ನದೊಂದೇ ಒತ್ತಾಯ. ಮುಂದಿನ ಆಹ್ವಾನಪತ್ರಿಕೆಯಲ್ಲಿ ಅಂಥ ಕವಿಯ ಹೆಸರನ್ನು, ಅವರೇ ಇಟ್ಟುಕೊಂಡ ಹೆಸರನ್ನು, ಕವಿಗೋಷ್ಠಿಯ ಪಟ್ಟಿಯಲ್ಲಿ ಉಳಿದವರ ನಡುವೆ ಅಚ್ಚು ಮಾಡಿಸಿ. ಉಳಿದವರಷ್ಟೇ ನಿಮಿಷ ಕೊಡಿ. ಪದ್ಯ ಚೆನ್ನಾಗಿದ್ದರೆ ತಲೆದೂಗಿ. ಸಪ್ಪೆಯಾಗಿದ್ದರೆ ಸಪ್ಪೆಯೆಂದೇ ಹೇಳಿ. ಕವಿಯಾದವರಿಗೆ ಅದೂ ಒಂದು ಮರ್ಯಾದೆ. ಶಾಲು ಮನೆಯಲ್ಲಿಯೇ ಇರಲಿ.