ಕೂಡುವ ಹಲ್ಲು, ಕೂಡದ ಹಲ್ಲು

ನಮ್ಮ ಗಡಿಭಾಗದ ಮನೆಗಳ ಅಂಗಳದಲ್ಲಿ ಈಗ ಎರಡು ಬಗೆಯ ಸೈಕಲ್ಲುಗಳು ಕಾಣಸಿಗುತ್ತವೆ. ಒಂದು, ಹಾಲಿನ ಕ್ಯಾನನ್ನೂ ಹುಲ್ಲಿನ ಹೊರೆಯನ್ನೂ ಹೊತ್ತು ಬಂದ ಹಳೆಯ ಕರಿಯ ಸೈಕಲ್ಲು. ಇನ್ನೊಂದು, ದಪ್ಪ ಟೈರಿನ, ಹಿಡಿಕೆಯ ಮೇಲೆ ಅಂಕಿಗಳಿರುವ ಸೈಕಲ್ಲು. ಮಕ್ಕಳು ಅದನ್ನು ಮೌಂಟನ್ ಬೈಕ್ ಎನ್ನುತ್ತಾರೆ, ಹಿರಿಯರು ಗೇರಿನ ಸೈಕಲ್ಲು ಎನ್ನುತ್ತಾರೆ. ತುರೋರಿಯಿಂದ ಉಮರ್ಗಾಕ್ಕೆ ಶಾಲೆಗೆ ಹೋಗುವ ವಿದ್ಯಾರ್ಥಿಗೂ, ನಿಲಂಗಾ, ಉದಗೀರ ಕಡೆಯ ಏರಿಳಿತದ ಹಾದಿಯಲ್ಲಿ ಹೊಲಕ್ಕೆ ಹೋಗುವ ರೈತನಿಗೂ ಈ ಎರಡನೆಯದು ಅನುಕೂಲವೇ ಸರಿ. ತೊಡಕು ಆರಂಭವಾಗುವುದು ಅದರ ಒಂದು ಭಾಗ ಸವೆದಾಗ. ಸೋಲಾಪುರದಿಂದ ಚೈನು ಬರುತ್ತದೆ, ಲಾತೂರಿನಿಂದ ಫ್ರೀವೀಲು ಬರುತ್ತದೆ, ಕಲಬುರಗಿಗೆ ಹೋಗಿದ್ದ ಅಳಿಯಂದಿರು ಗೇರಿನ ಸೆಟ್ಟು ತರುತ್ತಾರೆ. ಮೂರೂ ಹೊಸವು, ಮೂರೂ ಒಳ್ಳೆಯವು; ಆದರೆ ಒಂದಕ್ಕೊಂದು ಕೂಡುವುದಿಲ್ಲ. ಕೊಟ್ಟ ಹಣ ಗೋಡೆಯ ಗೂಡಿನಲ್ಲಿ ತುಕ್ಕು ಹಿಡಿಯುತ್ತ ಕೂಡುತ್ತದೆ. ಈ ತಿಂಗಳು ಓದುಗರ ಮುಂದೆ ಈ ವಿಷಯವನ್ನೇ ಇಡಬಯಸುತ್ತೇವೆ.

ಹಳೆಯ ಸೈಕಲ್ಲಿಗೆ ಈ ಚಿಂತೆ ಇರಲಿಲ್ಲ. 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಎಂಬಾತ ರೂಪಿಸಿದ ಉರುಳೆಯ ಚೈನೇ ಇಂದಿನ ಸೈಕಲ್ ಚೈನಿನ ಮೂಲ. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಒಳಗಿನ ಅಗಲ ಇಂಚಿನ ಎಂಟನೆಯ ಒಂದು ಭಾಗ. ಕರಿಯ ಸೈಕಲ್ಲಿನ ಚೈನಿನ ಲೆಕ್ಕ ಇಷ್ಟೇ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು, ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಅದೇ ವರ್ಷ ಲುಧಿಯಾನದಲ್ಲಿ ಹೀರೋ ಸೈಕಲ್ ಕಾರ್ಖಾನೆ ಹುಟ್ಟಿತು. ನಡುವೆ ಗಡಿಗೆರೆ ಬಿದ್ದರೂ ಚೈನಿನ ಅರ್ಧ ಇಂಚು ಎರಡೂ ಕಡೆ ಅರ್ಧ ಇಂಚಾಗಿಯೇ ಉಳಿಯಿತು. ಬಸವಕಲ್ಯಾಣದಲ್ಲಿ ಕೊಂಡ ಚೈನು ಉಮರ್ಗಾದ ಸೈಕಲ್ಲಿಗೆ ಯಾರನ್ನೂ ಕೇಳದೆ ಕೂಡುತ್ತಿತ್ತು. ಆ ರೂಢಿಯೇ ನಮ್ಮನ್ನು ಈಗ ದಾರಿ ತಪ್ಪಿಸುತ್ತಿದೆ.

ಗೇರಿನ ಸೈಕಲ್ಲಿನಲ್ಲಿಯೂ ಅರ್ಧ ಇಂಚು ಬದಲಾಗಿಲ್ಲ, ಬದಲಾದದ್ದು ಅಗಲ. ಹಿಂದಿನ ಗಾಲಿಯಲ್ಲಿ ಆರೇಳು ಹಲ್ಲುಚಕ್ರಗಳನ್ನು ಒತ್ತಾಗಿ ಕೂಡಿಸಬೇಕಾದ್ದರಿಂದ ಚೈನು ತೆಳ್ಳಗಾಯಿತು. 6, 7, 8 ಚಕ್ರಗಳ ಚೈನಿನ ಹೊರ ಅಗಲ ಸುಮಾರು 7.1 ಮಿ.ಮೀ.; 9 ಚಕ್ರಗಳದ್ದು ಸುಮಾರು 6.6, 10 ಚಕ್ರಗಳದ್ದು ಸುಮಾರು 6, 11 ಚಕ್ರಗಳದ್ದು ಸುಮಾರು 5.5 ಮಿ.ಮೀ. ಕರಿಯ ಸೈಕಲ್ಲಿನ ಅಗಲ ಚೈನನ್ನು ಏಳು ಚಕ್ರಗಳ ಫ್ರೀವೀಲಿಗೆ ಹಾಕಿದರೆ ಅದು ಪಕ್ಕದ ಚಕ್ರಕ್ಕೆ ಉಜ್ಜುತ್ತದೆ. ತೆಳುವಾದ ಗೇರಿನ ಚೈನನ್ನು ಕರಿಯ ಸೈಕಲ್ಲಿನ ದಪ್ಪ ಹಲ್ಲಿಗೆ ಹಾಕಿದರೆ ಅದು ಒಳಗೆ ಕೂಡುವುದೇ ಇಲ್ಲ. 6, 7, 8 ಚಕ್ರಗಳಿಗೆ ಒಂದೇ ಬಗೆಯ ಚೈನು ಸಾಕು ಎಂಬುದು ಮಾತ್ರ ಸಮಾಧಾನದ ಸಂಗತಿ.

ಇನ್ನು ಹಿಂದಿನ ಗಾಲಿ. ಹಲ್ಲುಚಕ್ರಗಳ ಗೊಂಚಲು ಗಾಲಿಗೆ ಕೂಡುವ ಕ್ರಮ ಎರಡು. ಫ್ರೀವೀಲಿನಲ್ಲಿ ಹಲ್ಲುಗಳೂ, ಟಿಕ್ ಟಿಕ್ ಎನ್ನುವ ಒಳಯಂತ್ರವೂ ಒಂದೇ ಗಡ್ಡೆ; ಅದು ಹಬ್ಬಿನ ಮೇಲೆ ತಿರುಪಿನಿಂದ ಬಿಗಿಯುತ್ತದೆ. ಕ್ಯಾಸೆಟ್ಟಿನಲ್ಲಿ ಆ ಒಳಯಂತ್ರ ಹಬ್ಬಿನಲ್ಲಿಯೇ ಇರುತ್ತದೆ. ಹಲ್ಲುಚಕ್ರಗಳು ಅದರ ಗಾಡಿಗಳ ಮೇಲೆ ಜಾರಿ ಕೂಡುತ್ತವೆ, ಹೊರಗಿನಿಂದ ಒಂದು ಬಿರಡೆ ಅವನ್ನು ಹಿಡಿದಿಡುತ್ತದೆ. ಗುರುತಿಸುವುದು ಸುಲಭ. ಚಕ್ರಗಳನ್ನು ಹಿಂದಕ್ಕೆ ತಿರುಗಿಸಿ, ನಡುವೆ ಪಾನಾ ಕೂಡಿಸುವ ಕಚ್ಚುಗಳನ್ನು ನೋಡಬೇಕು. ಅವು ಹಲ್ಲಿನೊಡನೆ ತಿರುಗಿದರೆ ಕ್ಯಾಸೆಟ್ಟು, ಸುಮ್ಮನೆ ನಿಂತಿದ್ದರೆ ಫ್ರೀವೀಲು. ಇದನ್ನು ಅರಿಯದೆ ಒಂದರ ಬದಲು ಇನ್ನೊಂದನ್ನು ತಂದರೆ ಹಬ್ಬನ್ನೇ ಬದಲಿಸಬೇಕಾಗುತ್ತದೆ, ಅದರೊಡನೆ ಹೊಸದಾಗಿ ಕಡ್ಡಿ ಹೆಣೆಸುವ ಕೆಲಸವೂ ಬರುತ್ತದೆ.

ಕಣ್ಣಿಗೆ ಕಾಣದ ವ್ಯತ್ಯಾಸವೂ ಉಂಟು. ಪೆಡಲಿನ ನಡುವಣ ಅಕ್ಷ ಕೂಡುವ ಕೊಳವೆಗೆ ಇಂಗ್ಲೆಂಡಿನ ಇತರ ಕಾರ್ಖಾನೆಗಳು ಒಂದು ಇಂಚಿಗೆ 24 ತಿರುಪುಗೆರೆ ಕೊರೆಯುತ್ತಿದ್ದಾಗ, ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಾರ್ಖಾನೆ ತನ್ನ ಸೈಕಲ್ಲುಗಳಿಗೆ 26 ಗೆರೆ ಕೊರೆಯುತ್ತಿತ್ತು. ಅಗಲ ಒಂದೇ, ಹೊರರೂಪ ಒಂದೇ. ಬಲವಂತವಾಗಿ ತಿರುಗಿಸಿದರೆ ಎರಡೂ ಕಡೆಯ ಗೆರೆಗಳು ಹಾಳು. ಕೈಯಿಂದ ಸರಾಗವಾಗಿ ಎರಡು ಮೂರು ಸುತ್ತು ಹೋಗದ ಭಾಗವನ್ನು ಪಾನೆಯಿಂದ ಒತ್ತಾಯಿಸಬಾರದೆಂಬ ಮಾತನ್ನು ಮಕ್ಕಳಿಗೂ ಹೇಳಿಕೊಡತಕ್ಕದ್ದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹಿಡಿಕೆಯ ಮೇಲಿನ ಶಿಫ್ಟರಿಗೂ ಹಿಂದಿನ ಡಿರೇಲರಿಗೂ ಇರುವ ಸಂಬಂಧ. ಮೊದಲು ಸವಾರನೇ ಸನ್ನೆಯನ್ನು ಅಂದಾಜಿನಿಂದ ಸರಿಸಿಕೊಳ್ಳುತ್ತಿದ್ದ. ಜಪಾನಿನ ಶಿಮಾನೊ ಕಂಪನಿ 1984ರಲ್ಲಿ ತಂದ ಕ್ರಮದಲ್ಲಿ ಒಂದು 'ಟಿಕ್' ಎಂದರೆ ಒಂದು ಚಕ್ರ. ಈ ಟಿಕ್ಕು ತಂತಿಯನ್ನು ಎಳೆಯುವ ಅಳತೆಯೂ ಚಕ್ರಗಳ ನಡುವಣ ಅಂತರವೂ ಹೊಂದಿರಲೇಬೇಕು. ಏಳು ಚಕ್ರಗಳ ಗೊಂಚಲಿನಲ್ಲಿ ಒಂದರಿಂದ ಇನ್ನೊಂದಕ್ಕೆ 5 ಮಿ.ಮೀ.; ಒಂಬತ್ತು ಚಕ್ರಗಳದ್ದರಲ್ಲಿ 4.35. ಏಳರ ಗಾಲಿಗೆ ಒಂಬತ್ತರ ಶಿಫ್ಟರ್ ಹಾಕಿದರೆ ಪ್ರತಿ ಹೆಜ್ಜೆಗೂ 0.65 ಮಿ.ಮೀ. ಕಡಿಮೆ ಬೀಳುತ್ತದೆ. ಆರು ಹೆಜ್ಜೆ ದಾಟುವಷ್ಟರಲ್ಲಿ ಕೊರತೆ 3.9 ಮಿ.ಮೀ. ಆಗಿ, ಚೈನು ಎರಡು ಚಕ್ರಗಳ ನಡುವೆ ತೊಳಲಾಡುತ್ತದೆ. ಕಂಪನಿಗಳ ಲೆಕ್ಕವೂ ಬೇರೆ ಬೇರೆ. ತಂತಿಯನ್ನು 1 ಮಿ.ಮೀ. ಎಳೆದರೆ ಶಿಮಾನೊದ 7ರಿಂದ 9 ಚಕ್ರಗಳ ಮೌಂಟನ್ ಡಿರೇಲರ್ ಸುಮಾರು 1.7 ಮಿ.ಮೀ. ಸರಿಯುತ್ತದೆ, ಅಮೆರಿಕದ ಸ್ರ್ಯಾಮ್ ಕಂಪನಿಯ ಅದೇ ವರ್ಗದ್ದು ಸುಮಾರು 1.1 ಮಿ.ಮೀ. ಮಾತ್ರ. ಶಿಮಾನೊದ 10 ಚಕ್ರಗಳ ಮೌಂಟನ್ ಸೆಟ್ಟು ಸಹ ತನ್ನದೇ 9ರ ಸೆಟ್ಟಿನೊಡನೆ ಕೂಡುವುದಿಲ್ಲ. ಆದ್ದರಿಂದ ಶಿಫ್ಟರನ್ನೂ ಡಿರೇಲರನ್ನೂ ಒಂದೇ ಮನೆತನದಿಂದ ತರುವುದು ಲೇಸು.

ಏರು ಹತ್ತಲು ಕಷ್ಟವಾದಾಗ ಹಿಂದೆ ದೊಡ್ಡ ಚಕ್ರ ಹಾಕಿಸಬೇಕೆಂಬ ಆಸೆ ಸಹಜ. ಮುಂದೆ 24 ಹಲ್ಲು, ಹಿಂದೆ 28 ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿ 0.86 ಸುತ್ತು ತಿರುಗುತ್ತದೆ. ಹಿಂದೆ 34 ಆದರೆ 0.71. ವೇಗ ತಗ್ಗಿದಷ್ಟೂ ಮೊಣಕಾಲಿನ ಶ್ರಮ ಕಡಿಮೆ. ಆದರೆ ಡಿರೇಲರಿಗೆ ಅಷ್ಟು ಶಕ್ತಿ ಇದೆಯೇ ಎಂದು ಮೊದಲು ನೋಡಬೇಕು. ಲೆಕ್ಕ ಹೀಗೆ: ಮುಂದಿನ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, 42ರಲ್ಲಿ 24 ಹೋದರೆ 18. ಹಿಂದಿನದರಲ್ಲಿ 28ರಲ್ಲಿ 14 ಹೋದರೆ 14. ಕೂಡಿದರೆ 32. ಹಿಂದೆ 34 ಹಾಕಿದರೆ ಈ ಮೊತ್ತ 38 ಆಗುತ್ತದೆ. ಡಿರೇಲರಿನ ಗರಿಷ್ಠ ಅಳವು ಅದಕ್ಕಿಂತ ಕಡಿಮೆಯಿದ್ದರೆ ಉದ್ದ ತೋಳಿನ ಡಿರೇಲರ್ ಬೇಕು. ಅದು ತಡೆದುಕೊಳ್ಳುವ ಅತಿ ದೊಡ್ಡ ಚಕ್ರ ಎಷ್ಟು ಹಲ್ಲಿನದು ಎಂಬುದನ್ನೂ ಅಂಗಡಿಯವರನ್ನು ಕೇಳಿ ತಿಳಿಯಬೇಕು. ಚೈನನ್ನೂ ಹೊಸದಾಗಿ ಅಳೆಯಬೇಕು. ಡಿರೇಲರಿನೊಳಗೆ ಹಾಯಿಸದೆ, ಮುಂದಿನ ಅತಿ ದೊಡ್ಡದರ ಮೇಲೂ ಹಿಂದಿನ ಅತಿ ದೊಡ್ಡದರ ಮೇಲೂ ಸುತ್ತಿ, ಕೂಡುವಷ್ಟು ಉದ್ದಕ್ಕೆ ಒಂದು ಇಂಚು ಸೇರಿಸಿದರೆ ಸರಿಯಾದ ಅಳತೆ ಸಿಗುತ್ತದೆ. ಚೈನು ಗಿಡ್ಡವಾಗಿದ್ದು ದೊಡ್ಡ ಚಕ್ರಗಳೆರಡರ ಮೇಲೂ ಒಮ್ಮೆಗೇ ಬಿದ್ದರೆ ಡಿರೇಲರ್ ಮುರಿದು ಗಾಲಿಯ ಕಡ್ಡಿಗಳಲ್ಲಿ ಸಿಕ್ಕೀತು.

ಅಳತೆ, ಕಂಪನಿ ಎಲ್ಲವೂ ಹೊಂದಿದಾಗಲೂ ವಯಸ್ಸು ಹೊಂದದೆ ಹೋಗಬಹುದು. ಮಳೆಗಾಲದ ಎರೆಮಣ್ಣು ಎಣ್ಣೆಯೊಡನೆ ಬೆರೆತು ಚೈನಿನ ಪಿನ್ನುಗಳನ್ನು ಅರೆಯುತ್ತದೆ. ಪಿನ್ನು ಸವೆದಂತೆ ಚೈನು ಉದ್ದವಾಗುತ್ತದೆ, ಹಲ್ಲುಗಳೂ ಆ ಉದ್ದಕ್ಕೆ ತಕ್ಕಂತೆ ಸವೆಯುತ್ತವೆ. ಆಗ ಚೈನನ್ನು ಮಾತ್ರ ಹೊಸದು ಮಾಡಿದರೆ ಅದು ಹಳೆಯ ಹಲ್ಲಿನ ಮೇಲೆ ನಿಲ್ಲದೆ ಜಾರುತ್ತದೆ. ಸವಾರನು ಎದ್ದು ನಿಂತು ಪೆಡಲು ತುಳಿಯುವಾಗಲೇ ಜಾರುವುದು ಇದರ ಕೆಟ್ಟ ಗುಣ. ಪುಣೆ-ಹೈದರಾಬಾದ್ ಲಾರಿಗಳು ಓಡುವ 65ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಮಕ್ಕಳು ದಾಟುವಾಗ ಹೀಗಾದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮನೆಯಲ್ಲಿರುವ ಅಳತೆಪಟ್ಟಿಯೇ ಸಾಕು. ಚೈನನ್ನು ಬಿಗಿಯಾಗಿ ಹಿಡಿದು, ಒಂದು ಪಿನ್ನಿನ ನಡುವೆ ಸೊನ್ನೆಯನ್ನಿಟ್ಟು ನೋಡಬೇಕು. ಹೊಸ ಚೈನಿನಲ್ಲಿ 24ನೆಯ ಕೊಂಡಿಯ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಅದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನನ್ನು ಬದಲಿಸತಕ್ಕದ್ದು, ಫ್ರೀವೀಲು ಉಳಿಯುತ್ತದೆ. ಎಂಟನೆಯ ಒಂದು ಭಾಗದಷ್ಟು ಹೋಗಿದ್ದರೆ ಫ್ರೀವೀಲೂ ಸವೆದಿರುತ್ತದೆ, ಎರಡನ್ನೂ ಒಟ್ಟಿಗೆ ತರಬೇಕು. ಚೈನು ಅಗ್ಗದ್ದು, ಅದನ್ನು ಸಕಾಲದಲ್ಲಿ ಬದಲಿಸಿದವರಿಗೆ ಉಳಿದ ಖರ್ಚು ತಪ್ಪುತ್ತದೆ.

ನಗರದಿಂದ ಬಂದ ನೆಂಟರ ಹುಡುಗರು ಹನ್ನೆರಡು ಚಕ್ರಗಳ ಸೆಟ್ಟಿನ ವರ್ಣನೆ ಮಾಡಿದಾಗ ನಮ್ಮ ಮಕ್ಕಳ ಮನಸ್ಸು ಅತ್ತ ಹರಿಯುವುದು ಸ್ವಾಭಾವಿಕ. ಆದರೆ ಶಿಮಾನೊ 2018ರಲ್ಲಿ ತಂದ ಹನ್ನೆರಡರ ಕ್ಯಾಸೆಟ್ಟಿಗೆ ಹಬ್ಬಿನ ಗಾಡಿಗಳೇ ಬೇರೆ. ಅದನ್ನು ಹಾಕಬೇಕಾದರೆ ಹಬ್ಬು, ಚೈನು, ಶಿಫ್ಟರ್, ಡಿರೇಲರ್ ಎಲ್ಲವೂ ಬದಲಾಗಬೇಕು. ಸೈಕಲ್ಲಿನ ಬೆಲೆಯನ್ನು ಮೀರಿ ಖರ್ಚಾಗುತ್ತದೆ. ಶಾಲೆ, ಹೊಲ, ಸಂತೆಗಳಿಗೆ ಏಳು ಚಕ್ರಗಳ ಸರಿಹೊಂದಿದ ಸೆಟ್ಟು ಧಾರಾಳವಾಗಿ ಸಾಕು ಎಂಬುದು ನಮ್ಮ ಅಭಿಪ್ರಾಯ.

ಓದುಗ ಬಂಧುಗಳು ಈ ಭಾನುವಾರ ಮಕ್ಕಳನ್ನು ಕೂಡಿಸಿಕೊಂಡು ಒಂದು ಚೀಟಿ ಬರೆಯಲಿ: ಹಿಂದೆ ಚಕ್ರಗಳೆಷ್ಟು, ಹಲ್ಲುಗಳೆಷ್ಟು, ಫ್ರೀವೀಲೋ ಕ್ಯಾಸೆಟ್ಟೋ, ಮುಂದಿನ ಹಲ್ಲುಗಳೆಷ್ಟು, ಶಿಫ್ಟರ್ ಯಾವ ಕಂಪನಿಯದು. ಹಲ್ಲು ಎಣಿಸುವ ಕೆಲಸವನ್ನು ಚಿಕ್ಕವರಿಗೇ ಬಿಡಬಹುದು. ಸೋಲಾಪುರಕ್ಕೋ ಲಾತೂರಿಗೋ ಹೋಗುವವರ ಕೈಗೆ ಆ ಚೀಟಿಯನ್ನೂ ಸವೆದ ಭಾಗವನ್ನೂ ಕೊಟ್ಟು ಕಳುಹಿಸಿದರೆ, ಅಂಗಡಿಯ ಭಾಷೆ ಯಾವುದಾದರೂ ಸರಿ, ಬೇಕಾದ ಭಾಗವೇ ಮನೆಗೆ ಬರುತ್ತದೆ.